ಬಾಗಿಲಿಲ್ಲದ ನಾಲ್ಕು ಗಂಟೆ

ಹೀಯುಮಾ ದ್ವೀಪದಲ್ಲಿ ಸೆಪ್ಟೆಂಬರಿನ ಗಾಳಿ
ಹೆಲ್ವೆಯ ಮುಂಬಾಗಿಲನ್ನು ಬಿಜಾಗರಿ ಸಮೇತ ಕಿತ್ತು
ಸೇಬಿನ ಗಿಡಕ್ಕೆ ಒರಗಿಸಿ ಹೋಗಿತ್ತು,
ಬೇಕಾದಾಗ ತಗೋ ಎಂಬಂತೆ.
ಅಂದಿನಿಂದ ಒಂದು ಪ್ಲೈವುಡ್ ಹಲಗೆ, ಹದಿನಾರು ಮೊಳೆ,
ಓಡಾಟವೆಲ್ಲ ಹಿತ್ತಿಲ ಕಡೆಯಿಂದ.

ಪೈನ್ ಮರದ ಹೊಸ ಕದ ಎಂಡೆಲ್‌ನ ಕೊಟ್ಟಿಗೆಯಲ್ಲಿ ಸಿದ್ಧವಿತ್ತು.
"ಯಾವತ್ತು?" ಎಂದು ದಿನವೂ ಫೋನು.
"ಹವೆ ಹೇಳಲಿ" ಎಂದು ದಿನವೂ ಉತ್ತರ.

ಆಗ ಅವನ ಕೈಕೆಳಗೆ ನಾನು ಏಳು ತಿಂಗಳ ಹಳಬ.
ಮಳೆ ನಿಂತರೆ ಸಾಕಲ್ಲವೇ ಅಂದೆ.
ಮರದ ಚಕ್ಕೆಯೊಂದನ್ನು ಕೆನ್ನೆಗೆ ಒತ್ತಿಕೊಂಡು ಅಂದ:
ನೀರು ಕುಡಿದ ದಿನ ಕೂರಿಸಿದರೆ
ಒಲೆ ಹಚ್ಚಿದ ತಿಂಗಳಿಗೆ ಕುಗ್ಗಿ
ಸಂದಿಯಲ್ಲಿ ಬೆರಳು ತೂರುತ್ತದೆ.
ಒಣಗಿ ಸೊರಗಿದ ದಿನ ಕೂರಿಸಿದರೆ
ಜುಲೈನಲ್ಲಿ ಉಬ್ಬಿ ಒದ್ದರೂ ಅಲ್ಲಾಡದು.
ಚಳಿ ಐದು ಡಿಗ್ರಿಗಿಂತ ಕೆಳಗಿಳಿದರೆ
ಡಬ್ಬಿಯ ನೊರೆ ಗೋಡೆಯನ್ನು ಕಚ್ಚದು,
ಬಣ್ಣ ಮರದ ಮೇಲೆ ಕೂರುತ್ತದೆ, ಮರಕ್ಕೆ ಇಳಿಯದು.
ನೈರುತ್ಯದ ಗಾಳಿ ಬೀಸಿತೋ, ಕದವೇ ಹಾಯಿ,
ನಾವಿಬ್ಬರೂ ಫಿನ್ಲೆಂಡಿಗೆ.

ಹನ್ನೊಂದು ದಿನ ಕಾದೆವು.
ಹನ್ನೆರಡನೆಯ ಬೆಳಿಗ್ಗೆ ಊರಿನ ಹೊಗೆಯೆಲ್ಲ
ಗೆರೆ ಎಳೆದಂತೆ ನೆಟ್ಟಗೆ.
"ಹೊರಡು" ಅಂದ, ಕಾಫಿ ಅರ್ಧಕ್ಕೇ ಬಿಟ್ಟು.

ಎಂಟೂವರೆಗೆ ಪ್ಲೈವುಡ್ ಕಳಚಿತು.
ಹಳೆಯ ಬಾಗಿಲವಾಡವನ್ನು ಕೊಯ್ದು ಎಳೆದಾಗ
ಗೋಡೆಯ ಸಂದಿಯಲ್ಲಿ ಯಾವುದೋ ಕಾಲದ ಒಣ ಪಾಚಿ,
ಪಾಚಿಯೊಳಗೆ ಮಗುವಿನ ಒಂಟಿ ಕೈಗವಸು.
ಹೆಲ್ವೆ ಅದನ್ನು ಜೇಬಿಗೆ ಹಾಕಿಕೊಂಡಳು.

ಬಾಗಿಲಿಲ್ಲದ ಮನೆ
ಬಾಯಿ ತೆರೆದು ನಿದ್ದೆಹೋದವರ ಹಾಗೆ,
ನೋಡಬಾರದು ಅನಿಸುತ್ತದೆ, ನೋಡುತ್ತೇವೆ.
ಬೆಳಕು ಚಪ್ಪಲಿ ಕಳಚದೆ ಅಡುಗೆಮನೆತನಕ ನಡೆದು
ಆಲೂಗಡ್ಡೆ ಬುಟ್ಟಿಯ ಪಕ್ಕ ಕೂತಿತು.
ಹೊಸ್ತಿಲಿದ್ದ ಜಾಗದಲ್ಲಿ ಬೆಕ್ಕು ನಿಂತು
ತಾನು ಒಳಗೋ ಹೊರಗೋ ಎಂದು ತಬ್ಬಿಬ್ಬಾಯಿತು.
ಅಂಚೆಯವಳು ಸೀದಾ ಬಂದು ಮೇಜಿನ ಮೇಲೆ ಕಾಗದವಿಟ್ಟಳು.

ಹತ್ತೂಕಾಲಿಗೆ ಕಾಲ್ಯು ಬಂದ.
ಬೇಲಿಯಾಚೆಯ ಮನೆ. ಹೆಲ್ವೆಯ ಸ್ವಂತ ಅಣ್ಣ.
ದೋಣಿಯ ಎಂಜಿನ್ನು ಯಾರದೆಂಬ ವಿಷಯಕ್ಕೆ
ಒಂಬತ್ತು ವರ್ಷದಿಂದ ಮಾತಿಲ್ಲ ಕತೆಯಿಲ್ಲ.
ಬಡಿಯಲೆಂದು ಮುಷ್ಟಿ ಎತ್ತಿದ್ದ,
ಬಡಿಯಲು ಕದವೇ ಇಲ್ಲ,
ಮುಷ್ಟಿ ಗಾಳಿಯಲ್ಲಿ ಹಾಗೇ ಉಳಿಯಿತು.
ಎಂಡೆಲ್ ತಿರುಗಿ ಕೂಡ ನೋಡಲಿಲ್ಲ:
"ಆ ಕೈ ಖಾಲಿ ಇದ್ದರೆ ಈ ತುದಿ ಹಿಡಿ."

ಹಿಡಿದ.

ರಸಮಟ್ಟದ ಗುಳ್ಳೆ ಎಡಕ್ಕೆ ಜಾರಿತು, ಬಲಕ್ಕೆ ಜಾರಿತು,
ನಡುವೆ ಬಂದು ನಡುಗಿತು.
ಬೆಣೆ ಬಡಿ, ತೂಗುಗುಂಡು ಬಿಡು,
ಬೇಡ ಬೇಡ, ಆ ಬೆಣೆ ತೆಗಿ, ತೆಳ್ಳಗಿನದು ಕೊಡು.
ಹನ್ನೆರಡೂವರೆಗೆ ಕದ ಮೊದಲ ಸಲ ಮುಚ್ಚಿದಾಗ
ಕಾಲ್ಯು ಒಳಗಿದ್ದ.
ಹೆಲ್ವೆ ನಾಲ್ಕನೆಯ ಬಟ್ಟಲು ತೆಗೆದಳು.
ಎಂಜಿನ್ನಿನ ಮಾತು ಆ ದಿನ ಬರಲಿಲ್ಲ.
ಆಮೇಲೆ ಬಂತಂತೆ,
ಬೇಲಿಯಾಚೆಗೂ ಕೇಳುವಷ್ಟು ಜೋರಾಗಿ.

ಹೊರಡುವಾಗ ಎಂಡೆಲ್ ಹೇಳಿದ್ದು ಇಷ್ಟು:
ಬೀಗಕ್ಕೆ ಎಣ್ಣೆ ಬೇಡ, ಪೆನ್ಸಿಲಿನ ಪುಡಿ ಸಾಕು.
ಹಿಮ ಬೀಳುವ ಮುಂಚೆ ಕದದ ಸಂದಿಗೊಂದು ಚೀಟಿ ಸಿಕ್ಕಿಸಿ ಎಳೆ,
ಸಲೀಸಾಗಿ ಬಂದರೆ ರಬ್ಬರು ಸೋತಿದೆ ಅಂತ ತಿಳಿ.
ಮುಖಕ್ಕೆ ಯಾರಾದರೂ ಬಣ್ಣ ಬಳಿದಾರು;
ಮರ ನೀರು ಕುಡಿಯುವುದು ಕೆಳಗಂಚಿನಿಂದ,
ಯಾರೂ ಬಗ್ಗಿ ನೋಡದ ಕಡೆಯಿಂದ.
ಮೂರು ವರ್ಷಕ್ಕೊಮ್ಮೆ ಕಳಚಿ ಹಚ್ಚಬೇಕು.
"ಒಬ್ಬಳ ಕೈಲಿ ಇದು ಕಳಚುತ್ತದೆಯೇ?" ಅಂದಳು ಹೆಲ್ವೆ.
ಅವನು ಉಳಿಗಳನ್ನು ಎಣಿಸುತ್ತಿದ್ದ,
ಕೇಳಿಸಲಿಲ್ಲವೋ ಏನೋ.

ಈಗ ಎಂಡೆಲ್‌ಗೆ ಮಂಡಿನೋವು, ಸುತ್ತಾಟ ನನ್ನದು.
ಮೊನ್ನೆ ಆ ದಾರಿಯಲ್ಲಿ ಹೋದವನು
ಕದ ತೆರೆದು, ಅಡಿಗೆ ಪುಟ್ಟ ಕನ್ನಡಿ ಹಿಡಿದು ಬಗ್ಗಿದೆ.
ಕೆಳಗಂಚು ಒಣಗಿತ್ತು, ಗಟ್ಟಿಯಾಗಿತ್ತು.
ಬಣ್ಣ ಮಾತ್ರ ನಮ್ಮದಲ್ಲ:
ದಪ್ಪ ಕುಂಚದಲ್ಲಿ ಎರಡು ಕೋಟು,
ದೋಣಿಗೆ ಬಳಿಯುವ ನೀಲಿ.